ಲಾಂಛನದ ಭಾಷೆ ಮತ್ತು ಲಿಪ್ಯಂತರದ ಮಿತಿ: ಹಚ್‌ನಿಂದ ವಿ ವರೆಗೆ

ಭಾಷಾ ಅಧ್ಯಯನವೆಂದರೆ ಪದ ಮತ್ತು ವಾಕ್ಯಗಳ ಅಧ್ಯಯನವೆಂಬ ಗ್ರಹಿಕೆ ನಮ್ಮಲ್ಲಿ ರೂಢವಾಗಿದೆ. ಅಂಗಡಿಯ ಫಲಕದ ಮೇಲಿರುವ ಕಂಪನಿಯ ಲಾಂಛನವೂ ಓದಿಗೆ ಒದಗುವ ಒಂದು ಪಠ್ಯವೇ. ಮೊಬೈಲ್ ಜಾಲವೊಂದರ ಹೆಸರು ಮತ್ತು ಲಾಂಛನಗಳ ಪಲ್ಲಟವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

ಮುಂಬಯಿಯಲ್ಲಿ ಮೊದಲು ಮ್ಯಾಕ್ಸ್ ಟಚ್ ಎನಿಸಿದ್ದ ಜಾಲವು 2000ದಲ್ಲಿ ಆರೆಂಜ್ ಆಯಿತು. 2005ರಲ್ಲಿ ಹಚ್ ಆಯಿತು. ಹಚ್ ಎಂಬುದು ಹಾಂಗ್‌ಕಾಂಗ್ ಮೂಲದ ಹಚಿಸನ್ ಸಂಸ್ಥೆಯ ಹೆಸರಿನ ಹ್ರಸ್ವರೂಪ. ಕನ್ನಡದ ಕಿವಿಗೆ ಅದು 'ಹಚ್ಚು' ಧಾತುವನ್ನು ನೆನಪಿಸಬಹುದೇ ಹೊರತು ಬೇರೆ ಅರ್ಥವನ್ನು ಕೊಡದು. ಈ ಕೊರತೆಯನ್ನು ತುಂಬಿದ್ದು ದೃಶ್ಯ. 2003ರ ಜಾಹೀರಾತಿನಲ್ಲಿ ಬಾಲಕನನ್ನು ಬಿಡದೆ ಹಿಂಬಾಲಿಸುವ ಪಗ್ ನಾಯಿಯು ಜಾಲದ ರೂಪಕವಾಯಿತು.

2007ರಲ್ಲಿ ಹಚ್, ವೊಡಾಫೋನ್ ಆಯಿತು. ಇದರ ಲಾಂಛನ ಉದ್ಧರಣ ಚಿಹ್ನೆ, ಅಂದರೆ ಮಾತಿನ ಗುರುತು. ಮುದ್ರಣದೊಡನೆ ಕನ್ನಡಕ್ಕೂ ಬಂದು ನೆಲೆಸಿದ ಚಿಹ್ನೆಯಾದ್ದರಿಂದ ಅದಕ್ಕೆ ಅನುವಾದ ಬೇಕಾಗಲಿಲ್ಲ. 2009ರ ಐಪಿಎಲ್ ಸಂದರ್ಭದಲ್ಲಿ ಬೆಂಗಳೂರಿನ ನಿರ್ವಾಣ ಫಿಲ್ಮ್ಸ್ ಚಿತ್ರಿಸಿದ ಜೂಜೂಗಳು ಯಾವ ಭಾಷೆಗೂ ಸೇರದ ಸದ್ದುಗಳನ್ನು ಆಡಿದವು. ಬಹುಭಾಷಿಕ ಮಾರುಕಟ್ಟೆಯ ಸಮಸ್ಯೆಗೆ ಭಾಷೆಯನ್ನೇ ಕೈಬಿಡುವುದು ಇಲ್ಲಿ ಪರಿಹಾರವಾಯಿತೆಂಬುದು ಗಮನಾರ್ಹ.

2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ವಿಲೀನಗೊಂಡವು. 2020ರ ಸೆಪ್ಟೆಂಬರ್‌ನಲ್ಲಿ 'ವಿ' ಎಂಬ ಹೆಸರು ಬಂದಿತು. ರೋಮನ್ ಲಿಪಿಯಲ್ಲಿ ಇವು ಎರಡು ಕಂಪನಿಗಳ ಮೊದಲ ಅಕ್ಷರಗಳು. ಉಚ್ಚಾರದಲ್ಲಿ ಇಂಗ್ಲಿಷಿನ 'ನಾವು'. ಇಂಗ್ಲಿಷಿನ ಎರಡು ವಕಾರಗಳನ್ನು ಭಾರತೀಯರು ಸಾಮಾನ್ಯವಾಗಿ ಒಂದೇ ಬಗೆಯಾಗಿ ಉಚ್ಚರಿಸುವುದರಿಂದಲೇ ಈ ಶ್ಲೇಷೆ ಸಲ್ಲುತ್ತದೆ. ಆದರೆ ಕನ್ನಡ ಲಿಪಿಯಲ್ಲಿ ಬರೆದೊಡನೆ ಎರಡಕ್ಷರಗಳು ಕಾಗುಣಿತದ ಒಂದೇ ಅಕ್ಷರವಾಗುತ್ತವೆ. ಐಡಿಯಾದ ಮೊದಲಕ್ಷರ ನಮ್ಮಲ್ಲಿ 'ಐ' ಆದ್ದರಿಂದ, ಅದೇ ತರ್ಕದಂತೆ ಕೂಡಿಸಿದರೆ ದೊರೆಯುವುದು 'ವೈ'. ವಿಲೀನದ ಸೂಚನೆಯಾಗಲಿ 'ನಾವು' ಎಂಬ ಅರ್ಥವಾಗಲಿ ಉಳಿಯದೆ, ಧ್ವನಿಯಷ್ಟೇ ಉಳಿಯುತ್ತದೆ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ 2024ರ ತಿದ್ದುಪಡಿಯು ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು ವಿಧಿಸಿದೆ. ಈ ಕ್ರಮ ಅವಶ್ಯಕವಾದುದೇ. ಆದರೆ ಫಲಕದ ಅಳತೆಯು ಲಿಪಿಯ ಪ್ರಮಾಣವನ್ನು ಹೇಳುತ್ತದೆ, ಅರ್ಥದ ಪ್ರಮಾಣವನ್ನಲ್ಲ. ಲಿಪ್ಯಂತರಗೊಂಡ ಹೆಸರು ಕನ್ನಡದಲ್ಲಿ ಕಾಣಿಸಿಕೊಂಡರೂ ಅದರ ಅರ್ಥ ಇಂಗ್ಲಿಷಿನಲ್ಲಿಯೇ ಉಳಿದಿರಬಹುದು. ನಾಮಫಲಕಗಳ ಕನ್ನಡವನ್ನು ಕುರಿತ ಚರ್ಚೆಯು ಈ ಅಂತರವನ್ನೂ ಒಳಗೊಳ್ಳಬೇಕಾಗಿದೆ.