ರಕ್ತದಾನ: ಓದಿದವರೇ ಹಿಂಜರಿದರೆ ಹೇಗೆ?

ನಂಜನಗೂಡು/ತಿ. ನರಸೀಪುರ: ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾದಾಗ, ರಸ್ತೆ ಅಪಘಾತ ಸಂಭವಿಸಿದಾಗ ಈ ಎರಡು ತಾಲ್ಲೂಕುಗಳ ಜನ ಬಹುತೇಕ ನೋಡುವುದು ಮೈಸೂರಿನತ್ತ. ನಂಜನಗೂಡಿನಿಂದ ಸುಮಾರು 25, ನರಸೀಪುರದಿಂದ ಸುಮಾರು 30 ಕಿ.ಮೀ. ದೂರ. ಆದರೆ ಅಲ್ಲಿಗೆ ತಲುಪಿದರಷ್ಟೇ ಸಾಲದು. ಬೇಕಾದ ಗುಂಪಿನ ರಕ್ತ ರಕ್ತನಿಧಿಯಲ್ಲಿ ಸಿದ್ಧವಿರಬೇಕು.

ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ಹಣಕ್ಕೆ ರಕ್ತ ನೀಡುವ ಪದ್ಧತಿ ನಿಷೇಧಗೊಂಡಿತು. ಉಳಿದದ್ದು ಎರಡೇ ದಾರಿ: ರೋಗಿಯ ಬಂಧುಗಳು ಕೊಡುವ ಬದಲಿ ರಕ್ತ, ಇಲ್ಲವೇ ಸ್ವಯಂಪ್ರೇರಿತ ದಾನ. ಒತ್ತಡಕ್ಕೆ ಸಿಲುಕಿದ ಬಂಧುಗಳು ತಮ್ಮ ಕಾಯಿಲೆಯನ್ನು ಮುಚ್ಚಿಡುವ ಸಂಭವವಿರುತ್ತದೆ. ಆದ್ದರಿಂದ ನಿಯಮಿತವಾಗಿ, ಸ್ವಇಚ್ಛೆಯಿಂದ ಕೊಡುವವರ ರಕ್ತವೇ ಹೆಚ್ಚು ಸುರಕ್ಷಿತವೆಂದು ತಜ್ಞರು ಪರಿಗಣಿಸುತ್ತಾರೆ.

ತಿಳಿವಳಿಕೆ ಇದ್ದರೂ...

ಇಂತಹ ದಾನಿಗಳಾಗಬೇಕಾದವರಲ್ಲಿ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳು ಮೊದಲಿಗರು. ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆಗಳಲ್ಲಿ ಕಲಿಯುವವರಿಗೆ ರಕ್ತನಿಧಿ ಕೂಗಳತೆಯ ದೂರದಲ್ಲಿದೆ. ಆದರೆ ದೇಶದ ಹಲವೆಡೆ ಆರೋಗ್ಯ ವಿಜ್ಞಾನ ವಿದ್ಯಾರ್ಥಿಗಳ ನಡುವೆ ನಡೆದ ಸಮೀಕ್ಷೆಗಳು ಹೇಳುವುದೇ ಬೇರೆ: ಹೆಚ್ಚಿನವರಿಗೆ ರಕ್ತದಾನದ ಬಗ್ಗೆ ಒಳ್ಳೆಯ ಅಭಿಪ್ರಾಯವಿದೆ, ಕೊಟ್ಟವರು ಕಡಿಮೆ, ಮತ್ತೆ ಮತ್ತೆ ಕೊಡುವವರು ಇನ್ನೂ ಕಡಿಮೆ. ಸೂಜಿಯ ಭಯ, ನಿಶ್ಶಕ್ತಿಯ ಆತಂಕ, ಮನೆಯವರ ವಿರೋಧ, ಯಾರೂ ಕೇಳಲಿಲ್ಲ ಎಂಬ ಉತ್ತರ ಸಾಮಾನ್ಯ.

ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ತೆಗೆಯುವುದು 350 ಅಥವಾ 450 ಮಿ.ಲೀ. ದ್ರವಾಂಶ ಒಂದೆರಡು ದಿನಗಳಲ್ಲಿ ತುಂಬಿಕೊಂಡರೆ, ಕೆಂಪು ರಕ್ತಕಣಗಳು ತುಂಬಲು ಕೆಲವು ವಾರ ಬೇಕು. ಈ ಕಾರಣದಿಂದಲೇ ಪುರುಷರಿಗೆ 90, ಮಹಿಳೆಯರಿಗೆ 120 ದಿನಗಳ ಅಂತರ ನಿಗದಿಯಾಗಿದೆ. ಪ್ರತಿಯೊಬ್ಬರಿಗೂ ಹೊಸ ಸೂಜಿ ಬಳಸುವುದರಿಂದ ದಾನಿಗೆ ಸೋಂಕು ತಗಲುವ ಭಯ ಬೇಡ.

ಮನಸ್ಸಿದ್ದೂ ಆಗದವರು

ಹಿಂಜರಿಕೆಯೆಲ್ಲ ಉದಾಸೀನವಲ್ಲ. ರಕ್ತ ಕೊಡಲು ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ವಿದ್ಯಾರ್ಥಿನಿಯರೇ ಹೆಚ್ಚಿರುವ ನರ್ಸಿಂಗ್ ಕಾಲೇಜಿನ ಶಿಬಿರದಲ್ಲಿ ಅನೇಕರು ಪರೀಕ್ಷೆಯ ಮೇಜಿನಿಂದಲೇ ಹಿಂದಿರುಗಬೇಕಾದರೆ ಅಚ್ಚರಿಯಿಲ್ಲ. ಅವರನ್ನು ಸುಮ್ಮನೆ ಕಳುಹಿಸುವ ಬದಲು ಚಿಕಿತ್ಸೆ, ಆಹಾರದ ಸಲಹೆ ನೀಡಿದರೆ ಮುಂದಿನ ಬಾರಿ ಅವರೇ ದಾನಿಗಳಾಗಬಲ್ಲರು.

ಜೂನ್ 14ರ ವಿಶ್ವ ರಕ್ತದಾನಿಗಳ ದಿನ, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನಗಳಂದು ಶಿಬಿರಗಳಿಗೆ ಕೊರತೆಯಿಲ್ಲ. ಆದರೆ ಕೆಂಪು ರಕ್ತಕಣಗಳ ಬಾಳಿಕೆ 35ರಿಂದ 42 ದಿನ, ಪ್ಲೇಟ್‌ಲೆಟ್‌ಗಳದು ಕೇವಲ 5 ದಿನ. ಅಕ್ಟೋಬರ್ 1ರಂದು ಸಂಗ್ರಹಿಸಿದ ರಕ್ತಕಣ ನವೆಂಬರ್ ಮಧ್ಯದ ನಂತರ ಯಾರಿಗೂ ಒದಗದು. ಪರೀಕ್ಷೆ, ಬೇಸಿಗೆ ರಜೆಯ ದಿನಗಳಲ್ಲಿ ಕಾಲೇಜುಗಳು ಖಾಲಿಯಾದಾಗಲೂ ಹೆರಿಗೆಗಳು ನಿಲ್ಲುವುದಿಲ್ಲ. ಒಂದೇ ದಿನ ನೂರು ಮಂದಿ ಕೊಡುವುದಕ್ಕಿಂತ ತರಗತಿವಾರು ಸರದಿಯಂತೆ ವರ್ಷವಿಡೀ ಕೊಡುವುದು ಹೆಚ್ಚು ಉಪಯುಕ್ತ.

18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕದ ಆರೋಗ್ಯವಂತರು ರಕ್ತ ನೀಡಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬಾರದು. ಇದ್ದ ಕಾಯಿಲೆ, ತೆಗೆದುಕೊಳ್ಳುತ್ತಿರುವ ಔಷಧಿಗಳನ್ನು ವೈದ್ಯರಿಂದ ಮುಚ್ಚಿಡಬಾರದು.