ಹಾರ್ನ್ ಅದೇ ಅಲ್ವಾ? ಪರಿವರ್ತಕದ ಪಾಠದಲ್ಲಿ ಎದ್ದ ಪ್ರಶ್ನೆ

ತೀರ್ಥಹಳ್ಳಿಯ ಒಂದು ಪಿಯು ತರಗತಿಯಲ್ಲಿ ಪರಿವರ್ತಕದ ಪಾಠ ವೀಕ್ಷಿಸುತ್ತಿದ್ದೆ. ಸುತ್ತುಗಳ ಅನುಪಾತವೇ ವೋಲ್ಟೇಜಿನ ಅನುಪಾತ ಎಂದು ಪ್ರಶಿಕ್ಷಣಾರ್ಥಿ ಸೂತ್ರ ಬರೆಸಿ ಮುಗಿಸಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. ಎಳ್ಳಮಾವಾಸ್ಯೆ ಜಾತ್ರೆಗೆ ಮೈಕ್ ಸೆಟ್ಟಿನವರ ಜೊತೆ ತಂತಿ ಎಳೆದು ಬಂದವನು.

“ಮೇಡಂ, ಹಾರ್ನ್ ಮೇಲೆ 8 ಓಮ್ ಅಂತ ಬರ್ದಿರತ್ತೆ. ಟ್ರಾನ್ಸ್‌ಫಾರ್ಮರ್ ಬಿಚ್ಚಿ 100 ವೋಲ್ಟ್ ಲೈನಿಗೆ ನೇರ ಕೊಟ್ರೆ ಸುಟ್ಟೋಗತ್ತೆ. ಅದ್ರ ಮೂಲಕ ಕೊಟ್ರೆ ಏನೂ ಆಗಲ್ಲ. ಹಾರ್ನ್ ಅದೇ ಅಲ್ವಾ?”

“ಅದು ಪಠ್ಯದಲ್ಲಿಲ್ಲ, ಆಮೇಲೆ ನೋಡೋಣ” ಎಂಬ ಉತ್ತರ ಬಂತು. ಹುಡುಗ ಕೂತ. ಆ ಪಾಠಯೋಜನೆಗೆ ಸಹಿ ಹಾಕಿದವನು ನಾನೇ. ಅದರಲ್ಲಿ ಇಂಥ ಪ್ರಶ್ನೆಗೆ ಜಾಗವೇ ಇರಲಿಲ್ಲ. ಅಂಕ ಕಳೆಯುವ ಬದಲು ಅಂದು ಸಂಜೆ ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಆಂಪ್ಲಿಫೈಯರ್ ಪೂರ್ಣ ದನಿಯಲ್ಲಿ 100 ವೋಲ್ಟ್ ಕೊಡುತ್ತದೆ ಎನ್ನಿ. ಹಾರ್ನಿಗೆ 10 ವ್ಯಾಟ್ ಸಾಕು. ನೇರ ಜೋಡಿಸಿದರೆ 100ರ ವರ್ಗವನ್ನು 8ರಿಂದ ಭಾಗಿಸಿ 1250 ವ್ಯಾಟ್! ನಡುವೆ ಸುಮಾರು 11.2:1 ಸುತ್ತುಗಳ ಪರಿವರ್ತಕ ಇಟ್ಟರೆ ಹಾರ್ನಿಗೆ ಸಿಗುವುದು 8.9 ವೋಲ್ಟ್, ಹರಿಯುವುದು 1.12 ಆಂಪಿಯರ್, ಅಂದರೆ 10 ವ್ಯಾಟ್. ಪರಿವರ್ತಕ ಸಾಮರ್ಥ್ಯವನ್ನು ಹುಟ್ಟಿಸುವುದಿಲ್ಲ. ಆದ್ದರಿಂದ ಪ್ರಾಥಮಿಕ ಸುರುಳಿಯಲ್ಲಿ 100 ವೋಲ್ಟಿಗೆ ಕೇವಲ 0.1 ಆಂಪಿಯರ್. ಆಂಪ್ಲಿಫೈಯರಿಗೆ ಹಾರ್ನ್ ಕಾಣುವುದೇ ಇಲ್ಲ. ತಾನು ಕೊಟ್ಟ ವೋಲ್ಟೇಜ್, ತನ್ನಿಂದ ಹೋದ ಪ್ರವಾಹ, ಇವೆರಡೇ ಅದಕ್ಕೆ ಗೊತ್ತು. 100 ಭಾಗಿಸು 0.1, ಅಂದರೆ 1000 ಓಮ್. ವೋಲ್ಟೇಜ್ 11.2 ಪಟ್ಟು ಹೆಚ್ಚು, ಪ್ರವಾಹ ಅಷ್ಟೇ ಪಾಲು ಕಡಿಮೆ. ಹೀಗಾಗಿ 8 ಓಮನ್ನು 11.2ರಿಂದ ಎರಡು ಸಲ ಗುಣಿಸಬೇಕು. ವರ್ಗ ಎಲ್ಲಿಂದ ಬಂತೆಂದು ಮಕ್ಕಳೇ ಕಾಣುವವರೆಗೆ ಸೂತ್ರ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ.

ಜಾತ್ರೆಯ ತಂತಿಗೂ ಇದರಿಂದ ಲಾಭ. 0.75 ಚದರ ಮಿಲಿಮೀಟರಿನ ತಾಮ್ರದ ಜೋಡಿ ತಂತಿಯನ್ನು 200 ಮೀಟರ್ ಎಳೆದರೆ ಹೋಗಿಬರುವ ರೋಧ ಸುಮಾರು 9 ಓಮ್. ಕೊನೆಯಲ್ಲಿ ಬರಿಯ 8 ಓಮ್ ಹಾರ್ನಿದ್ದರೆ ಅರ್ಧಕ್ಕಿಂತ ಹೆಚ್ಚು ಸಾಮರ್ಥ್ಯ ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ. 1000 ಓಮ್ ಆಗಿ ಕಂಡರೆ ನಷ್ಟ ಶೇಕಡಾ 1ರಷ್ಟೂ ಇಲ್ಲ.

ಮುಂದಿನ ವಾರ ಹೊಸನಗರದಲ್ಲಿ ಅದೇ ಪ್ರಶಿಕ್ಷಣಾರ್ಥಿ ಇದನ್ನು ಅಳೆದು ತೋರಿಸಿದರು. 12-0-12 ಪರಿವರ್ತಕದ ಎರಡು ಹೊರತುದಿಗಳಿಗೆ ಇನ್ನೊಂದು ಪರಿವರ್ತಕದಿಂದ 6 ವೋಲ್ಟ್ ಎಸಿ. ನಡುತುದಿ ಮತ್ತು ಒಂದು ಹೊರತುದಿಯ ನಡುವೆ 10 ಓಮ್, 5 ವ್ಯಾಟಿನ ರೋಧಕ. ಅನುಪಾತ 2:1, ಆದ್ದರಿಂದ ಆಕರಕ್ಕೆ 40 ಓಮ್ ಕಾಣಬೇಕು. ಬಂದದ್ದು 40ರ ಆಸುಪಾಸು; ಪರಿವರ್ತಕ ತನಗಾಗಿ ಎಳೆಯುವ ಪ್ರವಾಹ, ಸುರುಳಿಯ ರೋಧ ಎರಡೂ ಸ್ವಲ್ಪ ವ್ಯತ್ಯಾಸ ತರುತ್ತವೆ. ಒಂದು ಎಚ್ಚರಿಕೆ: ಬಳಸದ 230 ವೋಲ್ಟಿನ ತುದಿಗಳಲ್ಲಿ ಆಗ 57 ವೋಲ್ಟಿನಷ್ಟು ಇರುತ್ತದೆ. ಮೊದಲೇ ಟೇಪು ಸುತ್ತಿ.

ಸಾಗರದಲ್ಲಿ ಇನ್ನೊಬ್ಬರು ಇದೇ ಪಾಠ ಮಾಡುತ್ತ, ಆಕರದ ರೋಧ ಮತ್ತು ಹೊರೆಯ ರೋಧ ಸಮವಾದಾಗ ಗರಿಷ್ಠ ಸಾಮರ್ಥ್ಯ ದಾಟುತ್ತದೆ ಎಂದರು. “ಹಾಗಾದ್ರೆ ಶರಾವತಿ ಪವರ್ ಹೌಸಲ್ಲೂ ಸಮ ಮಾಡ್ತಾರಾ?” ಎಂದಳು ಹುಡುಗಿಯೊಬ್ಬಳು. ಈ ಸಲ ಪ್ರಶ್ನೆ ಮುಂದಕ್ಕೆ ಹೋಗಲಿಲ್ಲ. ಸಮವಾದರೆ ಹೊರಗೆ ಹೋದಷ್ಟೇ ಸಾಮರ್ಥ್ಯ ಆಕರದೊಳಗೂ ಬಿಸಿಯಾಗುತ್ತದೆ. ಶರಾವತಿಯದು 103.5 ಮೆಗಾವ್ಯಾಟಿನ 10 ಘಟಕ, ಒಟ್ಟು 1035 ಮೆಗಾವ್ಯಾಟ್. ಇನ್ನೊಂದು 1035 ಮೆಗಾವ್ಯಾಟ್ ಜನರೇಟರುಗಳೊಳಗೇ ಬಿಸಿಯಾದರೆ ಅವು ಉಳಿದಾವೇ? ಅಲ್ಲಿ ಹೊರೆಯ ರೋಧ ಆಕರದ್ದಕ್ಕಿಂತ ಬಹಳ ಹೆಚ್ಚಿರಬೇಕು. ಮೈಕ್ ಸೆಟ್ಟಿನಲ್ಲೂ ಪರಿವರ್ತಕ ಸಮ ಮಾಡುವುದಿಲ್ಲ, ಆಂಪ್ಲಿಫೈಯರ್ ತಾಳುವಷ್ಟು ಹೊರೆಯನ್ನು ಮಾತ್ರ ತೋರಿಸುತ್ತದೆ. ಸಮ ಮಾಡುವುದು ಸಂಕೇತ ತೀರ ಕ್ಷೀಣವಾಗಿದ್ದಲ್ಲಿ. ಮಲೆನಾಡಿನ ಮನೆಗಳ ಮೇಲೆ ಎತ್ತರದ ಕಂಬಕ್ಕೆ ಕಟ್ಟುತ್ತಿದ್ದ ಟಿವಿ ಆಂಟೆನಾ ನೆನಪಿಸಿಕೊಳ್ಳಿ: ಆಂಟೆನಾ 300 ಓಮ್, ಕೇಬಲ್ 75 ಓಮ್. ನಡುವಿನ ಪುಟ್ಟ ಪರಿವರ್ತಕದ ಅನುಪಾತ ಹೊಸನಗರದಲ್ಲಿ ಅಳೆದದ್ದೇ, 2:1.