ಮಗುವಿನ ಮನಸ್ಸಿಗೆ ವೈದ್ಯರು: ಮೊದಲ ಭೇಟಿಗೆ ಮುನ್ನ

ಮಗುವಿಗೆ ಜ್ವರ ಬಂದರೆ ನಾವು ಯಾರನ್ನೂ ಕೇಳದೆ ಆಸ್ಪತ್ರೆಗೆ ಓಡುತ್ತೇವೆ. ಅದೇ ಮಗು ರಾತ್ರಿ ಬೆಚ್ಚಿ ಏಳತೊಡಗಿದರೆ, ಶಾಲೆಗೆ ಹೊರಡುವ ಹೊತ್ತಿಗೆ ದಿನಾ ಹೊಟ್ಟೆನೋವು ಎಂದರೆ, ಆಟ ಬಿಟ್ಟು ಮೂಲೆ ಹಿಡಿದರೆ ನಮಗೆ ಮೊದಲು ನೆನಪಾಗುವುದು ದೃಷ್ಟಿ, ಸೋಂಕು, ದೈವದ ಹರಕೆ, ಇಲ್ಲವಾದರೆ ಬೆತ್ತ. ಹರಕೆಗೆ ನನ್ನ ಆಕ್ಷೇಪವಿಲ್ಲ, ನಾನೂ ಹೇಳಿಕೊಂಡವನೇ. ಆದರೆ ಅದರಿಂದ ವೈದ್ಯರ ಭೇಟಿ ಆರು ತಿಂಗಳು ಮುಂದೆ ಹೋಗಬಾರದು. ಬೆತ್ತವಂತೂ ಬೇಡವೇ ಬೇಡ.

ಎಲ್ಲಿಂದ ಆರಂಭಿಸುವುದು? ಮನೆಯಿಂದಲೇ ಆಗಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಇದೆ, ಹಣ ಕೊಡಬೇಕಾಗಿಲ್ಲ. ಭಾಷೆ ಆರಿಸಿಕೊಳ್ಳಲು ಹೇಳಿದಾಗ ಸಂಕೋಚವಿಲ್ಲದೆ ಕನ್ನಡವನ್ನೇ ಆರಿಸಿ. ಮುಖತಃ ತೋರಿಸಬೇಕಾದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಅದರ ವೈದ್ಯರು ಯಾವ ದಿನ, ಯಾವ ಆಸ್ಪತ್ರೆಗೆ ಬರುತ್ತಾರೆಂಬುದನ್ನು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. ಮಾತು, ನಡೆ ತಡವಾದ ಪುಟ್ಟ ಮಕ್ಕಳ ವಿಷಯವನ್ನು ಅಂಗನವಾಡಿಯಲ್ಲೇ ಹೇಳಬಹುದು. 2013ರಲ್ಲಿ ಆರಂಭವಾದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಬೆಳವಣಿಗೆಯ ಕುಂದುಗಳೂ ಸೇರಿವೆ.

ಇನ್ನು ಗಡಿಯಲ್ಲಿರುವ ನಮ್ಮ ವಿಶೇಷ ಕಷ್ಟ, ಭಾಷೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಾನು ಬಹಳ ಕಂಡಿದ್ದೇನೆ. ಮಲಯಾಳದಲ್ಲಿ ಹೇಳಿದ್ದು ಅರ್ಧ ತಿಳಿಯದಿದ್ದರೂ ನಮ್ಮವರು ತಲೆಯಾಡಿಸಿ, ರುಜು ಹಾಕಿ ಹೋಗುತ್ತಿದ್ದರು. ಹಣದ ವಿಷಯದಲ್ಲಾದರೆ ಮರುದಿನ ಬಂದು ಸರಿಪಡಿಸಿಕೊಳ್ಳಬಹುದಿತ್ತು. ಮಗುವಿನ ವಿಷಯದಲ್ಲಿ ಹಾಗೆ ತಲೆಯಾಡಿಸಬೇಡಿ. ಈ ವೈದ್ಯರಿಗೆ ಸ್ಟೆತಾಸ್ಕೋಪಿಗಿಂತ ಹೆಚ್ಚು ಬೇಕಾದದ್ದು ನಿಮ್ಮ ಮಾತು. 2017ರ ಮಾನಸಿಕ ಆರೋಗ್ಯ ಕಾಯಿದೆಯ 22ನೇ ಸೆಕ್ಷನ್ ಪ್ರಕಾರ ಕಾಯಿಲೆ ಏನು, ಚಿಕಿತ್ಸೆ ಏನು ಎಂಬುದನ್ನು ನಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವುದು ನಮ್ಮ ಹಕ್ಕು. ಜಗಳವಾಡಬೇಕಾಗಿಲ್ಲ, “ಕನ್ನಡ ಬಲ್ಲ ಸಿಸ್ಟರ್ ಒಬ್ಬರನ್ನು ಕರೆಯುವಿರಾ?” ಎಂದು ಕೇಳಿದರೆ ಸಾಕು. ಮಗುವನ್ನೇ ದುಭಾಷಿ ಮಾಡಬೇಡಿ. ತನ್ನ ಮೇಲಿನ ದೂರನ್ನು ತಾನೇ ಅನುವಾದಿಸುವುದು ಯಾವ ಮಗುವಿಗೂ ಸುಲಭವಲ್ಲ.

ಇನ್ನೊಂದು ಮಾತು. ನಮ್ಮ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಇದನ್ನು ಮೊದಲೇ ತಿಳಿಸಿ. ಓದು ಹತ್ತದ ಮಗುವನ್ನು ಅದು ಕಲಿಯದ ಭಾಷೆಯಲ್ಲಿ ಪರೀಕ್ಷಿಸಿದರೆ ದಡ್ಡ ಎಂಬ ತೀರ್ಮಾನ ಬರಬಹುದು. ನಿಜವಾದ ಕಲಿಕಾ ನ್ಯೂನತೆ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅದನ್ನು ಪಟ್ಟಿಯಲ್ಲಿ ಸೇರಿಸಿದೆ. ಕನ್ನಡದಲ್ಲೇ ವಿವರವಾದ ಪರೀಕ್ಷೆ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ಹೊರಡುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಹೆರಿಗೆ ಹೇಗಾಯಿತು, ಮೊದಲ ಮಾತು ಯಾವಾಗ, ಫಿಟ್ಸ್ ಬಂದದ್ದುಂಟೇ, ಈ ಬದಲಾವಣೆ ಎಂದಿನಿಂದ, ಆಗ ಮನೆಯಲ್ಲಿ ಏನು ನಡೆದಿತ್ತು. ಕುಡಿತವಿದ್ದರೆ, ಜಗಳವಿದ್ದರೆ ಮುಚ್ಚಿಡಬೇಡಿ. ಶಾಲೆಯ ಒಂದೆರಡು ನೋಟ್ ಪುಸ್ತಕ ಜೊತೆಗಿರಲಿ. ತಾಯಿಯೊಬ್ಬಳನ್ನೇ ಕಳಿಸದೆ ತಂದೆಯೂ ಹೋಗಬೇಕು. ವೈದ್ಯರು ಮಗುವಿನೊಡನೆ ಪ್ರತ್ಯೇಕವಾಗಿ ಮಾತಾಡಿದರೆ ಸಿಟ್ಟಾಗಬೇಡಿ. ಎಲ್ಲ ಮಕ್ಕಳಿಗೂ ಮಾತ್ರೆ ಕೊಡುವುದಿಲ್ಲ. ಅನೇಕ ವೇಳೆ ಅವರು ತಿದ್ದಲು ಹೇಳುವುದು ಹಿರಿಯರಾದ ನಮ್ಮ ನಡವಳಿಕೆಯನ್ನು. ಕೊಟ್ಟ ಮಾತ್ರೆಯನ್ನು ಮಾತ್ರ, ಮಗು ಗೆಲುವಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿ.

ಮಗು ಸಾಯುವ ಮಾತಾಡಿದರೆ ಈ ಹಾಳೆ, ವಾರ, ದಿನ ಯಾವುದನ್ನೂ ಕಾಯಬೇಡಿ. ಒಂಟಿಯಾಗಿ ಬಿಡದೆ ಅಂದೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.